ಬಾಲ ಕಚ್ಚಿಕೊಂಡ ಕಿಚ್ಚು

ಎದೆಯಲ್ಲಿ ಏನೇ ಆಗಲಿ, ನಮ್ಮವರ ಬಾಯಲ್ಲಿ ಮೊದಲು ಬರುವುದು ‘ಗ್ಯಾಸ್ಟ್ರಿಕ್ಕು’. ನಮ್ಮ ಸೋದರಮಾವನಿಗೆ ಎದೆ ಡವಗುಟ್ಟತೊಡಗಿದಾಗಲೂ ಅತ್ತೆ ಓಮದ ಕಾಳು ಅಗಿಯಲು ಕೊಟ್ಟರು, ಪಕ್ಕದ ಮನೆಯಾಕೆ ದೃಷ್ಟಿ ತೆಗೆದರು, ಮಗ ವಾಟ್ಸ್‌ಆ್ಯಪ್ ನೋಡಿ ‘ಜೋರಾಗಿ ಕೆಮ್ಮಪ್ಪ’ ಎಂದ. ಮೂರು ದಿನ ಹೀಗೇ ಕಳೆದು ಕೊನೆಗೆ ಇಸಿಜಿ ಆಯಿತು: ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳು (ಹೃತ್ಕರ್ಣಗಳು) ಲಯ ತಪ್ಪಿ ಅದುರುವುದು. ‘ಹಾರ್ಟ್ ಅಟ್ಯಾಕಾ?’ ಎಂದು ಮನೆಯೆಲ್ಲ ಗಾಬರಿ. ಅಲ್ಲ. ಅದು ಕೊಳಾಯಿ ಕಟ್ಟಿಕೊಂಡದ್ದು, ಇದು ವೈರಿಂಗ್ ತಕರಾರು ಎಂದರು ಡಾಕ್ಟರು. ನನಗೆ ಈ ಹೋಲಿಕೆ ಸಾಲದು. ಇಲ್ಲಿ ಯಾವ ವೈರೂ ತುಂಡಾಗಿರುವುದಿಲ್ಲ.

ಬೇಸಿಗೆಯಲ್ಲಿ ಮಲೆನಾಡಿನ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಬೆಂಕಿ ಬಿದ್ದದ್ದನ್ನು ನೆನೆಸಿಕೊಳ್ಳಿ. ಮುಂದೆ ಓಡುವ ಕಿಚ್ಚಿನ ಸಾಲು, ಹಿಂದೆ ಕರಿಬೂದಿ. ಸುಟ್ಟ ನೆಲ ಮತ್ತೆ ಹೊತ್ತಿಕೊಳ್ಳದು; ಅಂಚು ಮುಟ್ಟಿದ ಕಿಚ್ಚು ಆರುತ್ತದೆ. ಪ್ರತಿ ಎದೆಬಡಿತವೂ ಇಂಥ ಕಿಚ್ಚೇ. ಬಲ ಹೃತ್ಕರ್ಣದ ಮೇಲ್ತುದಿಯಲ್ಲಿ ಕಿಡಿ, ಸ್ನಾಯುವಿನುದ್ದಕ್ಕೂ ವಿದ್ಯುತ್ತಿನ ಓಟ, ಹಿಂದೆಯೇ ಕೋಶಗಳಿಗೆಲ್ಲ ಸುಸ್ತು. ಆದರೆ ಈ ಹುಲ್ಲು ಸೆಕೆಂಡಿನ ಐದನೇ ಒಂದು ಪಾಲಿನಲ್ಲಿ ಮತ್ತೆ ಚಿಗುರಿ ಒಣಗಿ ನಿಲ್ಲುತ್ತದೆ! ಬ್ಯಾಣ ಬಳೆಯಂತೆ ದುಂಡಗಿದ್ದರೆ? ಕಿಚ್ಚು ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಹುಲ್ಲು ತಯಾರು. ಇನ್ನು ಕಡ್ಡಿ ಗೀರುವವರೇ ಬೇಡ. ಕೆಮ್ಮಿನ ಆ ವಾಟ್ಸ್‌ಆ್ಯಪ್ ಸಂದೇಶವೂ ಹೀಗೇ: ಜನ ಮರೆಯುವಷ್ಟರಲ್ಲಿ ಇನ್ನೊಂದು ಗುಂಪಿನಿಂದ ಸುತ್ತಿಕೊಂಡು ಬಂದಿರುತ್ತದೆ.

ಲೆಕ್ಕ ಸುಲಭ. ಅಲೆ ಸೆಕೆಂಡಿಗೆ 1 ಮೀಟರ್ ಓಡಿ ಸುಸ್ತು 0.2 ಸೆಕೆಂಡ್ ಇದ್ದರೆ, ತನ್ನ ಬಾಲ ತಾನೇ ತುಳಿಯದೆ ಸುತ್ತಲು 20 ಸೆಂ.ಮೀ. ದಾರಿ ಬೇಕು. ಆರೋಗ್ಯವಂತ ಹೃತ್ಕರ್ಣದಲ್ಲಿ ಅಷ್ಟು ಜಾಗವೆಲ್ಲಿ? ಗಾಯದ ಕಲೆಯಿಂದ ವೇಗ 40 ಸೆಂ.ಮೀ.ಗೆ ಇಳಿದು ಸುಸ್ತು 0.15 ಆದರೆ 6 ಸೆಂ.ಮೀ. ಸಾಕು. ಕೋಣೆ ಹಿಗ್ಗಿದ್ದರೆ ಅಂಥ ಸುಳಿಗಳು ಹಲವು ಹಿಡಿಸುತ್ತವೆ. ಕುದುರೆಗೆ ಈ ಕಾಯಿಲೆ ತಾನಾಗಿಯೇ ಬರುತ್ತದೆ, ಪುಟ್ಟ ಇಲಿಯ ಹೃದಯದಲ್ಲಿ ಎಬ್ಬಿಸಿ ಉಳಿಸುವುದೇ ಕಷ್ಟ.

ಇದು ಮೊದಲು ಕಂಡದ್ದು ಹೃದಯದಲ್ಲಲ್ಲ, ಲೋಳೆಮೀನಿನಲ್ಲಿ (ಜೆಲ್ಲಿಫಿಶ್)! 1906ರ ಸುಮಾರಿಗೆ ಆಲ್ಫ್ರೆಡ್ ಮೇಯರ್ ಎಂಬಾತ ಅಮೆರಿಕದ ಫ್ಲಾರಿಡಾ ಕಡಲಲ್ಲಿ ಅದರ ಮೈಯನ್ನು ಬಳೆಯಾಗಿ ಕತ್ತರಿಸಿ ಒಂದು ಅಲೆ ಬಿಟ್ಟ. ಅದು ದಿನಗಟ್ಟಲೆ ಗಿರಕಿ ಹೊಡೆಯಿತು. 1913ರಲ್ಲಿ ಇಂಗ್ಲೆಂಡಿನ ಜಾರ್ಜ್ ಮೈನ್ಸ್ ಹೃದಯಸ್ನಾಯುವಿನ ಬಳೆಯಲ್ಲೇ ಇದನ್ನು ತೋರಿಸಿದ. ಬಳೆಯನ್ನು ಒಂದು ಕಡೆ ಕತ್ತರಿಸಿದರೆ ಓಟ ನಿಂತಿತು. ಮರುವರ್ಷ ಮಾಂಟ್ರಿಯಲ್‌ನ ತನ್ನ ಪ್ರಯೋಗಾಲಯದಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದವನು ಅದೇ ದಿನ ತೀರಿಕೊಂಡ, ವಯಸ್ಸು 28. ಮೈಗೆ ಉಪಕರಣ ಕಟ್ಟಿಕೊಂಡಿದ್ದ, ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದಿರಬೇಕು ಎಂದು ಅನೇಕರ ಊಹೆ.

ಸರಿ, ಮೊದಲ ಕಡ್ಡಿ ಗೀರುವವರು ಯಾರು? 1998ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಷೆಲ್ ಹೈಸಗೇರ್ ತಂಡ 45 ರೋಗಿಗಳಲ್ಲಿ 69 ಕಿಡಿಗಳ ಜಾಡು ಹಿಡಿಯಿತು. 65 ಸಿಕ್ಕಿದ್ದು ಹೃದಯಕ್ಕೆ ರಕ್ತ ತರುವ ಶ್ವಾಸಕೋಶದ ಅಭಿಧಮನಿಗಳೊಳಗೆ. ಹೃದಯಸ್ನಾಯು ಆ ನಾಳಗಳೊಳಕ್ಕೂ ಒಂದಿಷ್ಟು ಚಾಚಿಕೊಂಡಿರುತ್ತದೆ. ಈಗಿನ ಅಬ್ಲೇಷನ್ ಇದರ ಫಲ: ತೊಡೆಯ ರಕ್ತನಾಳದಿಂದ ಕ್ಯಾಥೆಟರ್ ಏರಿಸಿ, ಆ ನಾಳಗಳ ಬಾಯಿಯ ಸುತ್ತ ಸುಡುತ್ತಾರೆ. ಕಾಡಿನವರು ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಎಳೆಯುವುದಿಲ್ಲವೇ, ಹಾಗೆ.

ಮಾವನಿಗೆ ಅದು ಹೊಂದಲಿಲ್ಲ. ಹುಡುಗನಾಗಿದ್ದಾಗ ಗಂಟಲುನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಕವಾಟವನ್ನು ಕಿರಿದು ಮಾಡಿತ್ತು. ಒತ್ತಡಕ್ಕೆ ಎಡ ಹೃತ್ಕರ್ಣ ಹಿಗ್ಗಿ ಬ್ಯಾಣವೇ ವಿಶಾಲವಾಗಿದೆ. ದೃಷ್ಟಿ ತಗುಲಿದ್ದಲ್ಲ, ಐವತ್ತು ವರ್ಷದ ಹಿಂದೆ ಪೆನಿಸಿಲಿನ್ ತಪ್ಪಿದ್ದು. ನಿಮಿಷಕ್ಕೆ 350ಕ್ಕೂ ಮಿಕ್ಕಿ ಅದುರುವ ಕೋಣೆ ಹಿಂಡುವುದಿಲ್ಲ, ಮೂಲೆಯಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಮೆದುಳಿಗೆ ಹೊರಟರೆ ಪಾರ್ಶ್ವವಾಯು. ಅದಕ್ಕೇ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ಮಾತ್ರೆ. ಸೊಪ್ಪಿನ ಕೆ ವಿಟಮಿನ್ ಈ ಮಾತ್ರೆಗೆ ಎದುರಾಳಿ ಎಂದು ತಿಳಿದ ಅತ್ತೆ ಮೊದಲು ಬಸ್ಸಾರನ್ನೇ ಬಂದ್ ಮಾಡಿದ್ದರು. ಬಿಡುವುದು ಬೇಡ, ವಾರವಾರ ಒಂದೇ ಅಳತೆ ಇರಲಿ ಎಂದರು ಡಾಕ್ಟರು. ಈಗ ಕಟ್ಟು ಎಣಿಸಿ ಸೊಪ್ಪು ತರುತ್ತಾರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) 2ರಿಂದ 3ರೊಳಗಿದೆಯೇ ಎಂದು ಚೀಟಿಯನ್ನು ಮಗನ ಮಾರ್ಕ್ಸ್‌ಕಾರ್ಡಿನಂತೆ ನೋಡುತ್ತಾರೆ. ಓಮದ ಡಬ್ಬಿ ಮಾತ್ರ ಮಾತ್ರೆ ಡಬ್ಬಿಯ ಪಕ್ಕದಿಂದ ಇನ್ನೂ ಕದಲಿಲ್ಲ.