ಈಥರ್ ಕುರಿತ ಪತ್ರವ್ಯವಹಾರ ಮತ್ತು ಅಚ್ಚಾದದ್ದೇ ತಿಳಿಯದ ಒಂದು ಪತ್ರ

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1879ರಲ್ಲಿ ತೀರಿಕೊಂಡಾಗ, ಬೆಳಕು ವಿದ್ಯುತ್ಕಾಂತೀಯ ಅಲೆಯೆಂಬ ಅವರ ಸಿದ್ಧಾಂತ ಗ್ರಂಥರೂಪದಲ್ಲಿತ್ತು. ಆದರೆ ಆ ಅಲೆಯನ್ನು ಹೊತ್ತು ಸಾಗುತ್ತದೆಂದು ಆಗ ನಂಬಲಾಗಿದ್ದ, ಎಲ್ಲೆಡೆ ತುಂಬಿರುವ ಈಥರ್ ಎಂಥ ವಸ್ತುವೆಂಬುದು ಬಗೆಹರಿದಿರಲಿಲ್ಲ. ಮುಂದೆ ಆ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಡಬ್ಲಿನ್‌ನ ಜಾರ್ಜ್ ಫಿಟ್ಜ್‌ಜೆರಾಲ್ಡ್, ಲಿವರ್‌ಪೂಲ್‌ನ ಆಲಿವರ್ ಲಾಡ್ಜ್ ಮತ್ತು ವಿಶ್ವವಿದ್ಯಾಲಯದ ಹುದ್ದೆಯಿಲ್ಲದೆ ಮನೆಯಲ್ಲೇ ಕುಳಿತು ಬರೆಯುತ್ತಿದ್ದ ಆಲಿವರ್ ಹೆವಿಸೈಡ್ ಪ್ರಮುಖರು. ಇವರು ಬೇರೆ ಬೇರೆ ಊರುಗಳಲ್ಲಿದ್ದುದರಿಂದ ಚರ್ಚೆಯ ದೊಡ್ಡ ಪಾಲು ಅಂಚೆಯಲ್ಲೇ ನಡೆಯಿತು. ಅಚ್ಚಾದ ಪ್ರಬಂಧಗಳನ್ನಷ್ಟೇ ಓದಿದರೆ ಯಾವ ವಿಚಾರ ಯಾರಿಂದ ಬಂತೆಂಬುದು ಪೂರ್ತಿ ತಿಳಿಯುವುದಿಲ್ಲ.

ಫಿಟ್ಜ್‌ಜೆರಾಲ್ಡ್ 1885ರಲ್ಲಿ ಈಥರ್‌ನ ಮಾದರಿಯೊಂದನ್ನು ಕಟ್ಟಿದರು. ಹಲಗೆಯ ಮೇಲೆ ಸಾಲುಸಾಲಾಗಿ ಗಾಲಿಗಳು, ಅಕ್ಕಪಕ್ಕದ ಗಾಲಿಗಳನ್ನು ಜೋಡಿಸುವ ರಬ್ಬರ್ ಪಟ್ಟಿಗಳು. ಗಾಲಿಗಳ ತಿರುಗುವಿಕೆ ಕಾಂತಬಲವನ್ನೂ ಪಟ್ಟಿಗಳ ಬಿಗಿತ ವಿದ್ಯುತ್ ಸ್ಥಿತಿಯನ್ನೂ ಸೂಚಿಸುತ್ತಿದ್ದವು. ಈಥರ್ ನಿಜಕ್ಕೂ ಹೀಗೆಯೇ ಇದೆಯೆಂದು ಅವರು ನಂಬಿರಲಿಲ್ಲ. ಇಂದು ಇದನ್ನು ಕಂಡು ನಗುವವರು ಈ ಮಾತನ್ನು ಗಮನಿಸುವುದೇ ಇಲ್ಲ.

ಭೂಮಿ ಈಥರ್‌ನಲ್ಲಿ ಸಾಗುತ್ತಿರುವುದಕ್ಕೆ ಎರಡು ದಿಕ್ಕುಗಳಲ್ಲಿ ಬೆಳಕಿನ ವೇಗವನ್ನು ಹೋಲಿಸಿದ 1887ರ ಮೈಕೆಲ್‌ಸನ್–ಮಾರ್ಲೆ ಪ್ರಯೋಗದಲ್ಲಿ ನಿರೀಕ್ಷಿಸಿದ ಕುರುಹು ಸಿಗದಿದ್ದುದು ತೊಡಕು ತಂದಿತು. ಚಲಿಸುವ ವಿದ್ಯುದಾವೇಶದ ಕ್ಷೇತ್ರವು ಚಲನೆಯ ದಿಕ್ಕಿನಲ್ಲಿ ಕ್ಷೀಣಿಸಿ ಅಡ್ಡಲಾಗಿ ಬಲಗೊಳ್ಳುತ್ತದೆಂದು 1888–89ರಲ್ಲಿ ಹೆವಿಸೈಡ್ ಲೆಕ್ಕ ಹಾಕಿ ತೋರಿಸಿದ್ದರು. ಅಣುಗಳನ್ನು ಹಿಡಿದಿಡುವ ಬಲಗಳೂ ಹಾಗೆಯೇ ಬದಲಾಗುವುದಾದರೆ, ಚಲಿಸುವ ವಸ್ತುವಿನ ಉದ್ದವೇ ಬದಲಾಗಬೇಕಲ್ಲವೇ? ಹಾಗಾದರೆ ಪ್ರಯೋಗದ ಉಪಕರಣವೂ ಚಲನೆಯ ದಿಕ್ಕಿನಲ್ಲಿ ಕುಗ್ಗಿ, ನಿರೀಕ್ಷಿಸಿದ ಕುರುಹು ಮರೆಯಾಗುತ್ತದೆ. ಫಿಟ್ಜ್‌ಜೆರಾಲ್ಡ್ ಈ ಊಹೆಯನ್ನು 1889ರಲ್ಲಿ ಚಿಕ್ಕ ಪತ್ರವಾಗಿ ಬರೆದು ಅಮೆರಿಕದ 'ಸೈನ್ಸ್' ಪತ್ರಿಕೆಗೆ ಕಳಿಸಿದರು. ಅದನ್ನು ಯಾರೂ ಗಮನಿಸಿದಂತಿಲ್ಲ. ಅವರು ಮಾತುಕತೆಯಲ್ಲಿ ಹೇಳಿದ್ದನ್ನು ಲಾಡ್ಜ್ 1892ರಲ್ಲಿ ಉಲ್ಲೇಖಿಸಿದ್ದರಿಂದಲೇ ವಿಚಾರ ಉಳಿಯಿತು.

ಅದೇ ವರ್ಷ ಹಾಲೆಂಡಿನ ಹೆಂಡ್ರಿಕ್ ಲೊರೆಂಟ್ಸ್ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು. ಲಾಡ್ಜ್ ಅವರ ಬರಹ ಕಣ್ಣಿಗೆ ಬಿದ್ದ ಮೇಲೆ, 1894ರ ನವೆಂಬರ್‌ನಲ್ಲಿ ಅವರು ಫಿಟ್ಜ್‌ಜೆರಾಲ್ಡ್‌ಗೆ ಕಾಗದ ಬರೆದು, ಇದನ್ನು ಎಲ್ಲಾದರೂ ಪ್ರಕಟಿಸಿದ್ದೀರಾ ಎಂದು ವಿಚಾರಿಸಿದರು. ಸೈನ್ಸ್‌ಗೆ ಕಳಿಸಿದ್ದು ನಿಜ, ಅಚ್ಚಾಯಿತೋ ಇಲ್ಲವೋ ತಿಳಿಯದು, ಇಲ್ಲಿನವರು ನನ್ನ ಅಭಿಪ್ರಾಯವನ್ನು ನಕ್ಕು ಬಿಟ್ಟರು ಎಂಬ ಅರ್ಥದ ಉತ್ತರ ಡಬ್ಲಿನ್‌ನಿಂದ ಹೋಯಿತು. ಮೊದಲಿಗನಾಗುವ ಹಂಬಲ ಆ ಉತ್ತರದಲ್ಲಿ ಕಾಣುವುದಿಲ್ಲ. ಲೊರೆಂಟ್ಸ್ ತಮ್ಮ 1895ರ ಕೃತಿಯಲ್ಲಿ ಫಿಟ್ಜ್‌ಜೆರಾಲ್ಡ್ ಹೆಸರನ್ನು ಸೇರಿಸಿದರು.

ಫಿಟ್ಜ್‌ಜೆರಾಲ್ಡ್ 1901ರಲ್ಲಿ, 49ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಪತ್ರ 1889ರ ಮೇ ತಿಂಗಳಲ್ಲೇ ಸೈನ್ಸ್‌ನಲ್ಲಿ ಅಚ್ಚಾಗಿತ್ತೆಂಬುದನ್ನು ಇತಿಹಾಸಕಾರ ಸ್ಟೀಫನ್ ಬ್ರಷ್ 1967ರಲ್ಲಿ ಬೆಳಕಿಗೆ ತಂದರು.