ಆಮೆಗೆ ಚಿಪ್ಪು ಬಿಚ್ಚೋಕಾಗಲ್ಲ

ಬಸವನಗುಡಿಯಲ್ಲಿ ನಮ್ಮ ಕೆಳಗಿನ ಮನೆ ಹುಡುಗನಿಗೆ ಹುಟ್ಟುಹಬ್ಬಕ್ಕೆ ಯಾರೋ ಒಂದು ಆಮೆ ಕೊಟ್ಟಿದ್ದಾರೆ. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬೇ ಈಗ ಅದರ ಕೆರೆ. ಅಂಗೈಯಷ್ಟು ಗಾತ್ರ, ಹಸಿರು ಮೈ, ಕಣ್ಣಿನ ಹಿಂದೆ ಕುಂಕುಮ ಬಳಿದಂಥ ಕೆಂಪು ಪಟ್ಟೆ. ಮೊನ್ನೆ ಹುಡುಗ ಕೇಳಿದ: "ಅಂಕಲ್, ಸ್ನಾನ ಮಾಡುವಾಗ ಇದು ಚಿಪ್ಪು ಬಿಚ್ಚಿಡುತ್ತಾ?"

ನಗು ಬಂತು. ಆದರೆ ತಪ್ಪು ಅವನದಲ್ಲ. 'ಆಮೆ ಮನೆಯನ್ನೇ ಬೆನ್ನ ಮೇಲೆ ಹೊತ್ತು ತಿರುಗುತ್ತದೆ' ಅಂತ ಹೇಳಿಕೊಡೋರು ನಾವೇ ಅಲ್ವಾ? ಮನೆ ಅಂದ ಮೇಲೆ ಆಚೆ ಬರೋದೂ ಇರಬೇಕು.

ಅವನ ಕೈ ಹಿಡಿದು ಅವನ ಪಕ್ಕೆಲುಬನ್ನೇ ಮುಟ್ಟಿಸಿದೆ. ಆಮೆಯ ಚಿಪ್ಪು ಅಂದರೆ ಇದೇ. ಪಕ್ಕೆಲುಬುಗಳು ಹಲಗೆಯ ಹಾಗೆ ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಬೆನ್ನುಮೂಳೆಯನ್ನೂ ಸೇರಿಸಿಕೊಂಡು ಗಟ್ಟಿಯಾಗಿವೆ. ಅದರ ಮೇಲೆ ಕಾಣುವ ಬಿಲ್ಲೆಗಳು ಕೆರಾಟಿನ್. ನಮ್ಮ ಉಗುರು ಆಗಿರುವುದೂ ಅದರಿಂದಲೇ. ಎಣಿಸು ಅಂದೆ. ನಡುವಿನ ಸಾಲಲ್ಲಿ 5, ಆ ಕಡೆ 4, ಈ ಕಡೆ 4, ಒಟ್ಟು 13. ಅಂಚಿನ ಚಿಕ್ಕವು ಬೇರೆ. ಹುಡುಗ ನಂಬದೆ ಇನ್ನೊಂದು ಸಲ ಎಣಿಸಿದ. ಚಿಪ್ಪಿಗೆ ನರಗಳೂ ಇವೆ. ಬೆರಳಲ್ಲಿ ಕೆರೆದರೆ ಆಮೆಗೆ ಗೊತ್ತಾಗುತ್ತದೆ.

ಇಷ್ಟಾದರೆ ಅಂಥ ವಿಚಿತ್ರವೇನಿಲ್ಲ. ವಿಚಿತ್ರ ಇರೋದು ಹೆಗಲಲ್ಲಿ. ನಿಮ್ಮ ಬೆನ್ನು ಮುಟ್ಟಿ ನೋಡಿ. ಹೆಗಲ ಹಿಂದಿನ ಚಪ್ಪಟೆ ಮೂಳೆ ಪಕ್ಕೆಲುಬಿನ ಮೇಲೆ ಕೂತಿರುತ್ತದೆ. ನಾಯಿಗೂ ಕೋಳಿಗೂ ಹಾಗೇ. ಆಮೆಗೆ ಮಾತ್ರ ಅದು ಪಕ್ಕೆಲುಬಿನ ಗೂಡಿನ ಒಳಗಿದೆ! ಅಲ್ಲಿಗೆ ಹೋಗಿದ್ದು ಹೇಗೆ? 2009ರಲ್ಲಿ ಜಪಾನಿನ ವಿಜ್ಞಾನಿಗಳು ಆಮೆ, ಕೋಳಿ, ಇಲಿಗಳ ಭ್ರೂಣಗಳನ್ನು ಹೋಲಿಸಿ ನೋಡಿದರು. ಕೋಳಿ, ಇಲಿಗಳಲ್ಲಿ ಪಕ್ಕೆಲುಬು ಬಾಗಿ ಹೊಟ್ಟೆಯ ಕಡೆಗೆ ಇಳಿಯುತ್ತದೆ. ಆಮೆಯಲ್ಲಿ ಇಳಿಯುವುದೇ ಇಲ್ಲ, ಬೆನ್ನಲ್ಲೇ ಅಡ್ಡಕ್ಕೆ ಹರಡುತ್ತದೆ. ಪಕ್ಕದ ಮೈಗೋಡೆ ಅಂಗಿಯ ಅಂಚು ಮಡಚಿದ ಹಾಗೆ ಒಳಕ್ಕೆ ಮಡಚಿಕೊಳ್ಳುತ್ತದೆ. ಹೆಗಲು ಎಲ್ಲಿಗೂ ಹೋಗಲಿಲ್ಲ. ಪಕ್ಕೆಲುಬೇ ಬಂದು ಅದರ ಮೇಲೆ ಸೂರು ಹಾಕಿತು.

ಹಾಗಂತ ಇಡೀ ಚಿಪ್ಪು ಒಂದೇ ಏಟಿಗೆ ಬಂದಿದ್ದಲ್ಲ. ಚೀನಾದಲ್ಲಿ ಸಿಕ್ಕ 22 ಕೋಟಿ ವರ್ಷದ ಹಿಂದಿನ ಒಂದು ಪಳೆಯುಳಿಕೆಗೆ 2008ರಲ್ಲಿ ಒಡೊಂಟೊಕೆಲಿಸ್ ಅಂತ ಹೆಸರಿಟ್ಟರು. ಹಲ್ಲಿರುವ ಆಮೆ ಅಂತ ಅರ್ಥ. ಈಗಿನ ಆಮೆಗಳಿಗೆ ಹಲ್ಲಿಲ್ಲ, ಕೊಕ್ಕಿದೆ. ಇದಕ್ಕೆ ಹೊಟ್ಟೆಯ ಕಡೆ ಚಿಪ್ಪು ಪೂರ್ತಿ, ಬೆನ್ನಿಗೆ ಮಾತ್ರ ಬರೀ ಅಗಲ ಪಕ್ಕೆಲುಬು! ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಯೂನೋಟೊಸಾರಸ್ ಅನ್ನೋ ಪಳೆಯುಳಿಕೆ ಇನ್ನೂ ಹಳೆಯದು, ಸುಮಾರು 26 ಕೋಟಿ ವರ್ಷ. ಅದಕ್ಕೆ ಚಿಪ್ಪೇ ಇಲ್ಲ, ಪಕ್ಕೆಲುಬು ಮಾತ್ರ ಅಗಲ. (ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಇವೆಲ್ಲ ನಿನ್ನೆ ಮೊನ್ನೆ ಹುಟ್ಟಿದವು, ಬಿಡಿ.)

ಚಿಪ್ಪಾಗದ ಅಗಲ ಪಕ್ಕೆಲುಬಿನಿಂದ ಲಾಭ ಏನು? ಮೈಗೆ ಕಾವಲು ಅಷ್ಟಕ್ಕಷ್ಟೆ. ಓಡೋಕೂ ಅಡ್ಡಿ, ಉಸಿರಾಡೋಕೂ ಅಡ್ಡಿ. 2016ರಲ್ಲಿ ಕೆಲವು ವಿಜ್ಞಾನಿಗಳು ಒಂದು ಉತ್ತರ ಕೊಟ್ಟರು: ನೆಲ ಅಗೆಯೋಕೆ. ಮುಂಗಾಲಲ್ಲಿ ಜೋರಾಗಿ ಮಣ್ಣು ಕೆದಕುವಾಗ ಮೈ ಅಲುಗದೆ ಬಿಗಿಯಾಗಿ ನಿಲ್ಲಬೇಕು, ಅದಕ್ಕೆ ಅಗಲ ಪಕ್ಕೆಲುಬು. ರಕ್ಷಣೆಯ ಕೆಲಸ ಆಮೇಲೆ ಸೇರಿಕೊಂಡಿದ್ದು. ನನಗಂತೂ ಈ ಉತ್ತರ ತುಂಬಾ ಹಿಡಿಸಿತು.

ಉಸಿರಿನ ಅಡ್ಡಿಯನ್ನು ಆಮೆ ಬೇರೆ ದಾರಿಯಲ್ಲಿ ನಿಭಾಯಿಸಿದೆ. ನಾವು ಉಸಿರೆಳೆದರೆ ಎದೆ ಹಿಗ್ಗುತ್ತದೆ. ಅದರ ಎದೆ ಹಿಗ್ಗಲ್ಲ. ಶ್ವಾಸಕೋಶ ಚಿಪ್ಪಿನ ಒಳಮೈಗೆ ಅಂಟಿಕೊಂಡಿದೆ. ಕೆಳಗಿನ ಕರುಳು, ಜಠರಗಳನ್ನು ಹೊಟ್ಟೆಯ ಸ್ನಾಯುಗಳು ಕೆಳಕ್ಕೆಳೆದರೆ ಗಾಳಿ ಒಳಗೆ, ಮೇಲಕ್ಕೊತ್ತಿದರೆ ಹೊರಗೆ. ಹುಡುಗ ಟಬ್ಬಿಂದ ಎತ್ತಿದಾಗ ಆಮೆ ತಲೆ, ಕಾಲು ಎಲ್ಲ ಸರ್ರನೆ ಒಳಗೆಳೆದುಕೊಂಡು 'ಫುಸ್' ಅಂತು. ಕೋಪ ಅಂದುಕೊಂಡು ಕೈಬಿಡೋದರಲ್ಲಿದ್ದ. ಕೋಪ ಅಲ್ಲ ಮಾರಾಯ, ಜಾಗ ಸಾಲದು! ಕೈಕಾಲು ಒಳಗೆ ಬಂದರೆ ಗಾಳಿ ಆಚೆ ಹೋಗಲೇಬೇಕು.

ಅಷ್ಟರಲ್ಲಿ ಅವರಮ್ಮ ಬಂದರು. "ವಾಸನೆ ತಡೆಯೋಕಾಗ್ತಿಲ್ಲ, ಯಾವುದಾದ್ರೂ ಕೆರೆಗೆ ಬಿಟ್ಟುಬಿಡೋಣ್ವಾ?" ದಯವಿಟ್ಟು ಬೇಡ ಅಂದೆ. ಇದು ಅಮೆರಿಕದ ಜಾತಿ. ಕೆರೆಗಿಳಿದರೆ ಇಲ್ಲಿನ ಆಮೆಗಳ ಊಟಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ. ನಮ್ಮ ನಕ್ಷತ್ರ ಆಮೆಯನ್ನು ಸಾಕೋಣ ಅಂದರೆ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಅದು ಸರಿ ಕೂಡ. ಟಬ್ಬಿನ ಈ ಆಮೆ ಮುಂದೆ ಊಟದ ತಟ್ಟೆಯಷ್ಟು ಬೆಳೆಯುತ್ತದೆ, ಚೆನ್ನಾಗಿ ನೋಡಿಕೊಂಡರೆ 20-30 ವರ್ಷ ಬದುಕುತ್ತದೆ ಅಂದೆ. ಅವರು ಮಗನ ಮುಖ ನೋಡಿದರು, ಟಬ್ ನೋಡಿದರು.

ಭಾನುವಾರ ಗಾಂಧಿಬಜಾರಿನಿಂದ ಇನ್ನೂ ದೊಡ್ಡ ಟಬ್ ಬಂತು. ಹಳೆಯದು ಮತ್ತೆ ಬಟ್ಟೆ ನೆನೆಸೋಕೆ ಹೋಯಿತು.