ಎಷ್ಟಕ್ಕೆ 50? ಅಮೆರಿಕದ ಕ್ರೆಡಿಟ್ ಪರೀಕ್ಷೆಗಳ ಅಂಕದ ಹಿಂದಿನ ಕತೆ

ಅಮೆರಿಕದಲ್ಲಿ ಓದುವ ಮೊಮ್ಮಗ ಫೋನ್ ಮಾಡಿ ‘ಕ್ಲೆಪ್ ಪರೀಕ್ಷೆಯಲ್ಲಿ 54 ಬಂತು’ ಅಂದರೆ ಊರಲ್ಲಿರುವ ಅಜ್ಜ ಮೊದಲು ಕೇಳುವುದು ‘ಎಷ್ಟಕ್ಕೆ?’ ಅಂತ. 35ಕ್ಕೆ ಪಾಸು, 60ಕ್ಕೆ ಫಸ್ಟ್ ಕ್ಲಾಸು ಅಂತ ಲೆಕ್ಕ ಹಾಕಿ ಬೆಳೆದವರು ಇನ್ನೇನು ಕೇಳ್ತಾರೆ? ಆದರೆ ಈ 54ಕ್ಕೆ ಆ ಪ್ರಶ್ನೆ ಹೊಂದುವುದಿಲ್ಲ. ಅದು ನೂರಕ್ಕೆ 54 ಅಲ್ಲ. ಶೇ. 54ರಷ್ಟು ಉತ್ತರ ಸರಿ ಅಂತಲೂ ಅಲ್ಲ. ನೂರು ಜನರಲ್ಲಿ ಎಷ್ಟನೆಯವನು ಅಂತಲೂ ಅಲ್ಲ.

ಕ್ಲೆಪ್ ಅಂದರೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ‘ಕಾಲೇಜ್ ಲೆವೆಲ್ ಎಕ್ಸಾಮಿನೇಷನ್ ಪ್ರೋಗ್ರಾಂ’. ತರಗತಿಗೆ ಹೋಗದೆ ಪರೀಕ್ಷೆ ಬರೆದು ಕಾಲೇಜಿನ ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಸೇರುವ ಘಟಕ, ಪಡೆಯುವ ದಾರಿ. ಇದರ ಅಂಕ ಶುರುವಾಗುವುದೇ 20ರಿಂದ, ಮುಗಿಯುವುದು 80ಕ್ಕೆ. ಒಂದೂ ಉತ್ತರ ಸರಿ ಇಲ್ಲದಿದ್ದರೂ 20 ಸಿಗುತ್ತದೆ. ಹೆಚ್ಚಿನ ವಿಷಯಗಳಲ್ಲಿ 50 ಬಂದರೆ ಆ ಕೋರ್ಸನ್ನು ಸಿ ಗ್ರೇಡಿನಲ್ಲಿ ಮುಗಿಸಿದ್ದಕ್ಕೆ ಸಮ, ಕ್ರೆಡಿಟ್ ಕೊಡಬಹುದು ಎಂದು ಕಾಲೇಜುಗಳ ಒಕ್ಕೂಟವಾದ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಶಿಫಾರಸು ಮಾಡುತ್ತದೆ.

ಆ 50 ಎಲ್ಲಿಂದ ಬಂತು ಅಂತ ಕೇಳಿದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಕ್ರೆಡಿಟ್ ಎನ್ನುವುದು ಮೂಲದಲ್ಲಿ ಗಡಿಯಾರದ ಲೆಕ್ಕ, ಕಲಿಕೆಯ ಲೆಕ್ಕ ಅಲ್ಲ. 1905ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಪ್ರೊಫೆಸರುಗಳ ಪಿಂಚಣಿಗೆಂದು 1 ಕೋಟಿ ಡಾಲರ್ ಕೊಟ್ಟ. ಪಿಂಚಣಿ ಯಾವ ಕಾಲೇಜಿಗೆ ಸಿಗಬೇಕು? ಸೇರುವ ಹುಡುಗರು ಹೈಸ್ಕೂಲಿನಲ್ಲಿ ಯಾವ ವಿಷಯಕ್ಕೆ ಎಷ್ಟು ಗಂಟೆ ಕೂತಿದ್ದಾರೆ ಎಂದು ಅಳೆದು ತೆಗೆದುಕೊಳ್ಳುವ ಕಾಲೇಜಿಗೆ. ಆ ಗಂಟೆ ಲೆಕ್ಕ ಕಾಲೇಜಿನ ಒಳಗೂ ಹೊಕ್ಕಿತು. ವಾರಕ್ಕೆ 3 ಗಂಟೆ ಪಾಠ, ಒಂದು ಸೆಮಿಸ್ಟರ್ ಪೂರ್ತಿ, ಆದರೆ 3 ಕ್ರೆಡಿಟ್. ಮೇಷ್ಟ್ರ ಪಿಂಚಣಿಗೆ ಹುಟ್ಟಿದ ಅಳತೆಯಲ್ಲೇ ಇವತ್ತಿಗೂ ಡಿಗ್ರಿ ಅಳೆಯುತ್ತಿದ್ದಾರೆ!

ಇದನ್ನು ಮುರಿಯಲು ಹೊರಟವರೂ ಇದ್ದರು. 1930ರ ದಶಕದಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಚಿನ್ಸ್ ಅಧ್ಯಕ್ಷರಾಗಿದ್ದಾಗ ಹಾಜರಿಗಿಂತ ಕೊನೆಯ ಸಮಗ್ರ ಪರೀಕ್ಷೆಗೆ ಬೆಲೆ ಜಾಸ್ತಿ ಇತ್ತು. ಆದರೆ ದೊಡ್ಡ ಪ್ರಮಾಣದಲ್ಲಿ ಬದಲಾವಣೆ ತಂದದ್ದು ಯುದ್ಧ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಹಲವು ಕಡೆ ಸೇವೆ ಮಾಡಿದ್ದಕ್ಕೇ ಸುಮ್ನೆ ಕ್ರೆಡಿಟ್ ಹಂಚಿದ್ದರು. ವಿಷಯ ಗೊತ್ತಿಲ್ಲದವನಿಗೂ ಸಿಕ್ಕಿತು, ಆಮೇಲೆ ಪೇಚಾಟ. ಎರಡನೇ ಯುದ್ಧದ ಹೊತ್ತಿಗೆ ಶಿಕ್ಷಣದವರು ಎಚ್ಚೆತ್ತರು. 1942ರಲ್ಲಿ ಸೈನಿಕರಿಗಾಗಿಯೇ ಜಿಇಡಿ ಪರೀಕ್ಷೆ ಬಂತು, ಪಾಸಾದರೆ ಹೈಸ್ಕೂಲು ಮುಗಿಸಿದ್ದಕ್ಕೆ ಸಮ. ಎಲ್ಲಿ ಕಲಿತೆ ಅಂತ ಕೇಳಬೇಡಿ, ಏನು ಗೊತ್ತು ಅಂತ ನೋಡಿ. ಕ್ರೆಡಿಟ್ ಪರೀಕ್ಷೆಗಳೆಲ್ಲ ನಿಂತಿರುವುದು ಇದೇ ವಿಚಾರದ ಮೇಲೆ.

ಮುಂದಿನದು ಬೇಗ ಹೇಳಬಹುದು. ಫೋರ್ಡ್ ಫೌಂಡೇಷನ್ ಹಣದಲ್ಲಿ ಶುರುವಾದ ಪ್ರಯೋಗವೊಂದು 1956ರ ಮೇ ಹೊತ್ತಿಗೆ ಕಾಲೇಜ್ ಬೋರ್ಡಿನ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯಾಯಿತು. ಆ ವರ್ಷ ಬರೆದವರು 1,229 ವಿದ್ಯಾರ್ಥಿಗಳು. ಅದು ಹೈಸ್ಕೂಲಿನ ಚುರುಕು ಮಕ್ಕಳಿಗೆ, ಅಂಕ 1ರಿಂದ 5. ಕೆಲಸಕ್ಕೆ ಹೋಗುವ ದೊಡ್ಡವರಿಗೆ, ಸೈನಿಕರಿಗೆ, ತಾವೇ ಓದಿಕೊಂಡವರಿಗೆ ಅಂತ 1967ರಲ್ಲಿ ಕ್ಲೆಪ್ ಬಂತು. ಅದಕ್ಕೆ ದುಡ್ಡು ಕೊಟ್ಟದ್ದು ಕಾರ್ನೆಗಿ ಕಾರ್ಪೊರೇಷನ್. ಗಂಟೆ ಲೆಕ್ಕ ಕಟ್ಟಿದ್ದೂ ಕಾರ್ನೆಗಿ ದುಡ್ಡೇ, ಅದನ್ನು ತಪ್ಪಿಸಿಕೊಳ್ಳಲು ದಾರಿ ಮಾಡಿದ್ದೂ ಕಾರ್ನೆಗಿ ದುಡ್ಡೇ.

ಪಾಸಿನ ಗೆರೆ ಎಲ್ಲಿ ಎಳೆಯಬೇಕು ಎನ್ನುವ ತಕರಾರು ಅಂದೇ ಶುರು. ಮೊದಲ ವರ್ಷಗಳಲ್ಲಿ ಅಂಕಕ್ಕೆ ಅರ್ಥ ಬರುತ್ತಿದ್ದದ್ದು ಹೋಲಿಕೆಯಿಂದ. ಕಾಲೇಜಿನಲ್ಲಿ ಓದುತ್ತಿದ್ದವರಿಗೇ ಪರೀಕ್ಷೆ ಕೊಟ್ಟು, ಅವರಿಗೆ ಎಷ್ಟು ಬರುತ್ತದೋ ಅದರ ಪಕ್ಕ ಹೊಸಬರನ್ನು ನಿಲ್ಲಿಸುವುದು. ಇದರಲ್ಲಿ ಒಂದು ತೊಡಕಿದೆ. ಹೋಲಿಕೆಯ ಗುಂಪು ಮನಸ್ಸಿಟ್ಟು ಬರೆಯದಿದ್ದರೆ ಗೆರೆ ತಾನಾಗಿ ಕೆಳಗಿಳಿಯುತ್ತದೆ, ಅಲ್ವಾ? ತನ್ನ ಕ್ರೆಡಿಟ್ಟಿಗೆ ಬಾರದ ಪರೀಕ್ಷೆಯನ್ನು ಯಾವ ಹುಡುಗ ಜೀವ ಬಿಟ್ಟು ಬರೆಯುತ್ತಾನೆ?

2001ರಲ್ಲಿ ಕ್ಲೆಪ್ ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದಾಗ ಗೆರೆ ಎಳೆಯುವ ರೀತಿಯೂ ಬದಲಾಯಿತು. ಈಗ ಆ ವಿಷಯ ಪಾಠ ಮಾಡುವ ಅಧ್ಯಾಪಕರ ತಂಡ ಕೂರುತ್ತದೆ. ಇಂಥ ತಂಡಗಳು ಹೆಚ್ಚಾಗಿ ಬಳಸುವುದು ಆಂಗಾಫ್ ವಿಧಾನ. ಪರೀಕ್ಷಾ ತಜ್ಞ ವಿಲಿಯಂ ಆಂಗಾಫ್ 1971ರಲ್ಲಿ ಇದನ್ನು ಒಂದು ಅಡಿಟಿಪ್ಪಣಿಯಲ್ಲಿ ಬರೆದಿಟ್ಟ ಅಷ್ಟೇ. ಇವತ್ತು ಅದು ವೈದ್ಯರ, ವಕೀಲರ ಪರೀಕ್ಷೆಗಳಲ್ಲೂ ಓಡುತ್ತಿದೆ.

ಕೆಲಸ ನಡೆಯುವುದು ಹೀಗೆ. ಸಿ ಗ್ರೇಡಿನ ಹೊಸ್ತಿಲಲ್ಲಿ ನಿಂತ ವಿದ್ಯಾರ್ಥಿಯನ್ನು ಮೇಷ್ಟ್ರು ಕಣ್ಣ ಮುಂದೆ ತಂದುಕೊಳ್ಳಬೇಕು. ಅಂಥವರು ನೂರು ಜನ ಇದ್ದರೆ ಈ ಪ್ರಶ್ನೆಗೆ ಎಷ್ಟು ಜನ ಸರಿ ಉತ್ತರ ಕೊಡುತ್ತಾರೆ? ಮೊದಲ ಪ್ರಶ್ನೆಗೆ 80 ಅನ್ನಿ, ಎರಡನೆಯದಕ್ಕೆ 55, ಮೂರನೆಯದಕ್ಕೆ 40. ಕೂಡಿದರೆ 175, ಅಂದರೆ ಮೂರು ಪ್ರಶ್ನೆಗೆ 1.75 ಅಂಕ. ಹೀಗೆ ಎಲ್ಲ ಪ್ರಶ್ನೆಗೂ ಕೂಡಿ, ಎಲ್ಲ ಮೇಷ್ಟ್ರ ಲೆಕ್ಕದ ಸರಾಸರಿ ತೆಗೆದರೆ ಗೆರೆ ಸಿಗುತ್ತದೆ. ಆ ಗೆರೆಗೆ ಇಟ್ಟ ಹೆಸರೇ 50.

ಇನ್ನೊಂದು ಹೆಜ್ಜೆ ಉಳಿದಿದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಬರುವುದಿಲ್ಲ. ಸ್ವಲ್ಪ ಕಷ್ಟದ ಪತ್ರಿಕೆಯಲ್ಲಿ 58 ಸರಿ ಉತ್ತರಕ್ಕೆ 50 ಬರಬಹುದು, ಸುಲಭದ್ದರಲ್ಲಿ ಅದೇ 50ಕ್ಕೆ 62 ಬೇಕಾಗಬಹುದು. ಈ ಸಂಖ್ಯೆಗಳು ಉದಾಹರಣೆಗೆ ಮಾತ್ರ. ಇಬ್ಬರಿಗೂ ನ್ಯಾಯ ಸಿಗಲಿ ಅಂತಲೇ ಈ ಹೊಂದಾಣಿಕೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಡಿ. ಎಪಿಯಲ್ಲಿ ತಪ್ಪಿಗೆ ಕಾಲು ಅಂಕ ಕಳೆಯುತ್ತಿದ್ದರು, 2011ರಲ್ಲಿ ಅದನ್ನೂ ಕೈಬಿಟ್ಟರು.

ಇಷ್ಟೆಲ್ಲ ಮಾಡಿಯೂ ಶಿಫಾರಸು ಶಿಫಾರಸೇ. ಕ್ರೆಡಿಟ್ ಕೊಡುವುದು ಬಿಡುವುದು ಕಾಲೇಜಿನ ಕೈಯಲ್ಲಿದೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿ 50 ಬಂದರೆ ಮೊದಲ ಹಂತದ ಕ್ರೆಡಿಟ್ ಮಾತ್ರ. ಎರಡನೇ ಹಂತಕ್ಕೆ 60ರ ಆಸುಪಾಸು ಬೇಕು. ಹೆಸರುವಾಸಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹಲವು ಕ್ಲೆಪ್ಪನ್ನು ತಿರುಗಿಯೂ ನೋಡುವುದಿಲ್ಲ. ಕೆಲವು ಕಡೆ ಮೊದಲ ಕೋರ್ಸಿಗೆ ವಿನಾಯಿತಿ ಕೊಡುತ್ತಾರೆ, ಆದರೆ ಕ್ರೆಡಿಟ್ ಕೊಡುವುದಿಲ್ಲ. ಪರೀಕ್ಷೆಗೆ ದುಡ್ಡು ಕಟ್ಟುವ ಮುಂಚೆ ಸೇರಬೇಕೆಂದಿರುವ ಕಾಲೇಜಿನ ನಿಯಮ ನೋಡಿಕೊಳ್ಳುವುದೇ ಜಾಣತನ. ಫೇಲಾದರೆ ಅದೇ ವಿಷಯ ಮತ್ತೆ ಬರೆಯಲು 3 ತಿಂಗಳು ಕಾಯಬೇಕು.

ಈ ಜಗ್ಗಾಟ ಎಪಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಡಾರ್ಟ್‌ಮತ್ ಕಾಲೇಜಿನ ಮನಃಶಾಸ್ತ್ರ ವಿಭಾಗ ಒಮ್ಮೆ ಎಪಿಯಲ್ಲಿ 5 ಪಡೆದವರಿಗೆ ತನ್ನದೇ ಕೋರ್ಸಿನ ಕೊನೆಯ ಪರೀಕ್ಷೆಯ ಚಿಕ್ಕ ರೂಪ ಕೊಟ್ಟಿತು. ಶೇ. 90ರಷ್ಟು ಜನ ಫೇಲ್. ಈ ಪ್ರಯೋಗ ಸರಿ ಇಲ್ಲ ಎಂದು ಕಾಲೇಜ್ ಬೋರ್ಡ್ ತಕರಾರು ತೆಗೆಯಿತು. ಡಾರ್ಟ್‌ಮತ್ ಮಾತ್ರ 2014ರಲ್ಲಿ ಸೇರಿದವರಿಂದಾಚೆ ಎಪಿಗೆ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು. ಮರುವರ್ಷ ಟೆಕ್ಸಸ್ ಉಲ್ಟಾ ದಾರಿ ಹಿಡಿಯಿತು. ಎಪಿಯಲ್ಲಿ 3 ಬಂದರೆ ಕ್ರೆಡಿಟ್ಟಿಗೆ ಸಾಲದು ಅನ್ನಬೇಕಾದರೆ ಸರ್ಕಾರಿ ಕಾಲೇಜುಗಳು ಪುರಾವೆ ತೋರಿಸಬೇಕು ಎಂದು ಕಾನೂನು ತಂದಿತು.

ಇತ್ತೀಚಿನ ಗಲಾಟೆ 2024ರದು. ಎಪಿ ಅಮೆರಿಕನ್ ಇತಿಹಾಸದಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಪಡೆದವರು ಹಿಂದಿನ ವರ್ಷ ಸುಮಾರು ಶೇ. 48 ಇದ್ದರು. ಆ ವರ್ಷ ಒಮ್ಮೆಲೇ ಸುಮಾರು ಶೇ. 72 ಆದರು. ಮಕ್ಕಳು ಒಂದೇ ವರ್ಷದಲ್ಲಿ ಅಷ್ಟು ಜಾಣರಾದರಾ? ಇಲ್ಲ, ಗೆರೆ ಸರಿಯಿತು. ಚಿಕ್ಕ ತಂಡದ ಅಂದಾಜಿನ ಬದಲು ಬಹಳಷ್ಟು ಅಧ್ಯಾಪಕರ ಅಭಿಪ್ರಾಯ ಮತ್ತು ಕಾಲೇಜಿನ ಗ್ರೇಡುಗಳ ಮಾಹಿತಿ ಬಳಸಿದ್ದೇವೆ, ಹಳೆಯ ಅಂಕಗಳೇ ಕಾಲೇಜಿಗಿಂತ ಬಿಗಿ ಆಗಿದ್ದವು ಎಂದು ಕಾಲೇಜ್ ಬೋರ್ಡ್ ಹೇಳಿತು. ಟೀಕಾಕಾರರ ಪ್ರಶ್ನೆ ನೇರವಾಗಿದೆ: ಕಾಲೇಜಿನ ಗ್ರೇಡುಗಳೇ ವರ್ಷ ವರ್ಷ ಉದಾರ ಆಗುತ್ತಿರುವಾಗ ಅದಕ್ಕೆ ತಕ್ಕಂತೆ ಪರೀಕ್ಷೆ ಸಡಿಲಿಸುವುದು ಎಷ್ಟು ಸರಿ? ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಾಣುತ್ತದೆ. ಎಪಿಯ 3 ಆಗಲಿ, ಕ್ಲೆಪ್‌ನ 50 ಆಗಲಿ, ಎರಡನ್ನೂ ಕಟ್ಟಿಹಾಕಿರುವುದು ಕಾಲೇಜಿನ ಸಿ ಗ್ರೇಡಿಗೇ. ಆ ಸಿ ಎಲ್ಲಿ ನಿಲ್ಲಬೇಕು ಎನ್ನುವುದನ್ನು ಪರೀಕ್ಷೆ ನಡೆಸುವವರು ತೀರ್ಮಾನಿಸುವುದಿಲ್ಲ, ಕಾಲೇಜಿನ ಮೇಷ್ಟ್ರುಗಳು ಸೆಮಿಸ್ಟರಿನ ಕೊನೆಗೆ ಕೂತು ತೀರ್ಮಾನಿಸುತ್ತಾರೆ.